ಬಿರುಕು ಬಿಟ್ಟ ವ್ಯಾಕ್ಯೂಮ್ ಮ್ಯಾನಿಫೋಲ್ಡ್: ಗಾಜು ಊದುವವರಿಗೆ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಾನು ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿನ ವ್ಯಾಕ್ಯೂಮ್ ಮ್ಯಾನಿಫೋಲ್ಡ್‌ನ (ಒಳಗಿನ ಗಾಳಿ ತೆಗೆದು ಬಳಸುವ ಕವಲುಕೊಳವೆ) ಒಂದು ಸ್ಟಾಪ್‌ಕಾಕ್ (ತಿರುಗಿಸುವ ನಲ್ಲಿ) ಬುಡದಲ್ಲಿ ಸುಮಾರು 1 ಸೆಂ.ಮೀ. ಉದ್ದದ ಬಿರುಕು ಬಿದ್ದಿದೆ. ವಿಶ್ವವಿದ್ಯಾಲಯದ ಗಾಜಿನ ಕಾರ್ಯಾಗಾರಕ್ಕೆ ಒಯ್ದಾಗ, ಚೆನ್ನಾಗಿ ತೊಳೆದು, ಒಳಗೆ ಏನೇನು ಬಳಸಿದ್ದೀರೆಂದು ಬರೆದು ತನ್ನಿ ಎಂದು ಹಿಂದಿರುಗಿಸಿದರು. ಇಷ್ಟು ಚಿಕ್ಕ ಬಿರುಕಿಗೆ ಇದೆಲ್ಲ ಅಗತ್ಯವೇ? ಬೆಸೆದ ಮೇಲೆ ಅದನ್ನು ಮೊದಲಿನಂತೆ ನಂಬಬಹುದೇ?

ಉತ್ತರ: ನಮಸ್ಕಾರ. ಅಗತ್ಯವಿದೆ; ನಾನಾಗಿದ್ದರೂ ಹಿಂದಿರುಗಿಸುತ್ತಿದ್ದೆ. ಬೋರೋಸಿಲಿಕೇಟ್ ಗಾಜು ಮೆತ್ತಗಾಗುವುದೇ ಸುಮಾರು 820 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಸೆಯಲು ಅದಕ್ಕಿಂತಲೂ ಬಹಳ ಹೆಚ್ಚು ಶಾಖ ಬೇಕು. ಊದುವಾಗ ರಬ್ಬರ್ ಕೊಳವೆಯ ಒಂದು ತುದಿ ಗಾಜಿಗೆ, ಇನ್ನೊಂದು ತುದಿ ನಮ್ಮ ಬಾಯಿಗೆ ಸೇರಿರುತ್ತದೆ. ಒಳಗೆ ಉಳಿದ ದ್ರಾವಕದ ಆವಿ ಹೊತ್ತಿಕೊಳ್ಳಬಹುದು, ಪಾದರಸವೇನಾದರೂ ಇದ್ದರೆ ಅದರ ಆವಿ ನೇರವಾಗಿ ಶ್ವಾಸಕ್ಕೆ ಸೇರಬಹುದು. ಆದ್ದರಿಂದ ದಯವಿಟ್ಟು ಏನನ್ನೂ ಮುಚ್ಚಿಡದೆ ಬರೆದುಕೊಡಿ.

ಇನ್ನು ಸ್ಟಾಪ್‌ಕಾಕ್‌ಗೆ ಹಚ್ಚುವ ಗ್ರೀಸ್ ವಿಷಯ. ಸಿಲಿಕೋನ್ ಗ್ರೀಸ್ ಜ್ವಾಲೆಯಲ್ಲಿ ಪೂರ್ತಿ ಸುಟ್ಟುಹೋಗುವುದಿಲ್ಲ. ಬಿಳಿಯ ಸಿಲಿಕಾ ಪದರವಾಗಿ ಗಾಜಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಬಿರುಕಿನೊಳಗೆ ಇಳಿದ ಗ್ರೀಸ್ ಇನ್ನೂ ಕೆಟ್ಟದ್ದು, ಗಾಜು ಕೂಡಿಕೊಳ್ಳುವ ಗೆರೆಯುದ್ದಕ್ಕೂ ಸಣ್ಣ ಗುಳ್ಳೆಗಳನ್ನು ಬಿಡುತ್ತದೆ. ಟೆಫ್ಲಾನ್ ಪ್ಲಗ್‌ಗಳಿದ್ದರೆ ಅವನ್ನೂ ನೀವೇ ಬಿಚ್ಚಿಟ್ಟು ತನ್ನಿ.

ನಂಬಿಕೆಯ ಪ್ರಶ್ನೆಗೆ ಉತ್ತರವಿರುವುದು ಬೆಸೆಯುವ ಜ್ವಾಲೆಯ ಟಾರ್ಚಿನಲ್ಲಲ್ಲ, ಓವನ್‌ನಲ್ಲಿ. ಬೆಸೆದ ಭಾಗ ಮತ್ತು ಅದರ ಪಕ್ಕದ ತಣ್ಣನೆಯ ಭಾಗ ಒಂದೇ ಸಮನಾಗಿ ತಣಿಯದ ಕಾರಣ ಗಾಜಿನ ಮೈಯೊಳಗೇ ಒತ್ತಡ (ಸ್ಟ್ರೆಸ್) ಉಳಿದುಬಿಡುತ್ತದೆ. ಎರಡು ಪೋಲರಾಯ್ಡ್ ಹಾಳೆಗಳನ್ನು ಬೆಳಕು ಪೂರ್ತಿ ತಡೆಯುವಂತೆ ತಿರುಗಿಸಿ, ನಡುವೆ ಆ ಗಾಜನ್ನು ಹಿಡಿದರೆ ಒತ್ತಡವಿಲ್ಲದ ಭಾಗವು ಕಪ್ಪಾಗಿಯೇ ಉಳಿಯುತ್ತದೆ, ಒತ್ತಡವಿರುವ ಕಡೆ ಬಿಳಿಯ ಪಟ್ಟೆ ಹೊಳೆಯುತ್ತದೆ. ಬರಿಗಣ್ಣಿಗೆ ನಿಷ್ಕಳಂಕವಾಗಿ ಕಾಣುವ ಬೆಸುಗೆಯಲ್ಲಿ ಆ ಪಟ್ಟೆಯನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಇಡೀ ಮ್ಯಾನಿಫೋಲ್ಡನ್ನು ಸುಮಾರು 560 ಡಿಗ್ರಿಯಲ್ಲಿ ಸಾಕಷ್ಟು ಹೊತ್ತು ಇಟ್ಟು, ನಿಧಾನವಾಗಿ ತಣಿಸಿದರೆ ಆ ಪಟ್ಟೆ ಮಾಯವಾಗುತ್ತದೆ. ಈ ಅನೀಲಿಂಗ್ ಆಗದ ಗಾಜಿಗೆ ದಯವಿಟ್ಟು ವ್ಯಾಕ್ಯೂಮ್ ಕೊಡಬೇಡಿ, ಏಕೆಂದರೆ ಅದು ಮೇಜಿನ ಮೇಲೆ ಸುಮ್ಮನಿದ್ದಾಗಲೂ ಒಡೆಯಬಹುದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಇದೇ ಸಂದರ್ಭದಲ್ಲಿ ಕೇಳುತ್ತಿದ್ದೇನೆ, ಅಂತಹ ಮ್ಯಾನಿಫೋಲ್ಡ್‌ಗೆ ಕ್ವಾರ್ಟ್ಜ್ ಕೊಳವೆಯನ್ನು ನೇರವಾಗಿ ಬೆಸೆದುಕೊಡಲು ಸಾಧ್ಯವೇ?

ಉತ್ತರ: ನೇರವಾಗಿ ಸಾಧ್ಯವಿಲ್ಲ. ಬಿಸಿಗೆ ಬೋರೋಸಿಲಿಕೇಟ್ ಹಿಗ್ಗುವ ಪ್ರಮಾಣ ಕ್ವಾರ್ಟ್ಜ್‌ನದಕ್ಕಿಂತ ಸುಮಾರು 6 ಪಟ್ಟು ಹೆಚ್ಚು. ಎರಡನ್ನೂ ಕೂಡಿಸಿದರೂ ತಣಿಯುವಾಗ ಬೆಸುಗೆ ಬಿಟ್ಟುಹೋಗುತ್ತದೆ. ನಡುವೆ ಹಿಗ್ಗುವಿಕೆ ಹಂತಹಂತವಾಗಿ ಬದಲಾಗುವ ಹಲವು ಬಗೆಯ ಗಾಜುಗಳನ್ನು ಸಾಲಾಗಿ ಕೂಡಿಸಿದ ಗ್ರೇಡೆಡ್ ಸೀಲ್ ಬೇಕು. ಅದು ದುಬಾರಿ. ಬಿಸಿ ಮಾಡುವ ಭಾಗವಷ್ಟೇ ಕ್ವಾರ್ಟ್ಜ್ ಆಗಿದ್ದರೆ ಸಾಕೆಂದಾದರೆ, ಬೆಸುಗೆಯ ಬದಲು ತಂಪಾಗಿರುವ ತುದಿಯಲ್ಲಿ ಓ-ರಿಂಗ್ (ರಬ್ಬರ್ ಉಂಗುರ) ಜೋಡಣೆಯನ್ನು ಕೇಳಿ. ಚಿತ್ರ ಬರೆದು, ಯಾವ ಭಾಗ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಅದರ ಮೇಲೆಯೇ ಗುರುತಿಸಿ ತಂದರೆ ಓ-ರಿಂಗ್ ಎಲ್ಲಿ ಕೂರಬೇಕೆಂದು ಕಾರ್ಯಾಗಾರದವರು ಅಲ್ಲೇ ಹೇಳಬಲ್ಲರು.