ದೇವರನ್ನು ನಂಬದ ಮನೆಯಲ್ಲಿ ಮಕ್ಕಳಿಗೆ ಸರಿ ತಪ್ಪು ಹೇಳಿಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. "ನಾವಿಬ್ಬರೂ ದೇವರನ್ನು ನಂಬುವುದಿಲ್ಲ. ಅಜ್ಜ ಅಜ್ಜಿಯರೂ ಹತ್ತಿರ ಇಲ್ಲ. ಮಗಳಿಗೆ ಒಳ್ಳೆಯದು ಕೆಟ್ಟದ್ದು ಕಲಿಸುವುದು ಯಾವ ಆಧಾರದ ಮೇಲೆ?" ಅಂತ ಇಲ್ಲಿ ಒಬ್ಬರು ಕೇಳಿದ್ದಾರೆ. ನಾನು ದೇವರನ್ನು ನಂಬುವವಳು. ಆದರೂ ಹೇಳುತ್ತೇನೆ, ನೀವು ಹೆದರಬೇಕಾಗಿಲ್ಲ.

2006ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಬ್ಬ ಬಟ್ಟೆ ಒಣಗಹಾಕುತ್ತಿರುತ್ತಾನೆ. ಕ್ಲಿಪ್ ಕೈಜಾರಿ ಬೀಳುತ್ತದೆ. ಬಗ್ಗಿ ಕೈ ಚಾಚುತ್ತಾನೆ, ಎಟುಕುವುದಿಲ್ಲ. ನೋಡುತ್ತಿದ್ದ 18 ತಿಂಗಳ ಮಗು ಪುಟುಪುಟು ಹೋಗಿ ಅದನ್ನು ಎತ್ತಿಕೊಡುತ್ತದೆ. ಬಹುಮಾನ ಇಲ್ಲ, ಶಭಾಷ್ ಅನ್ನುವವರೂ ಇಲ್ಲ. ಅದೇ ಕ್ಲಿಪ್ಪನ್ನು ಅವನು ಬೇಕಂತಲೇ ಎಸೆದರೆ ಮಕ್ಕಳು ಅಷ್ಟಾಗಿ ಎತ್ತಿಕೊಡಲಿಲ್ಲ. ಅವನಿಗೆ ಈಗ ಸಹಾಯ ಬೇಕೋ ಬೇಡವೋ ಅನ್ನುವುದು ಆ ಪುಟ್ಟ ತಲೆಗೆ ಗೊತ್ತಾಗುತ್ತದೆ. ಧರ್ಮದ ಪಾಠ ಇನ್ನೂ ಶುರುವೇ ಆಗದ ವಯಸ್ಸು ಅದು.

ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಇಷ್ಟ. ಲ್ಯಾರಿ ನೂಚಿ ಮತ್ತು ಎಲಿಯಟ್ ಟೂರಿಯಲ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು 1993ರಲ್ಲಿ ಪ್ರಕಟಿಸಿದರು. ಕಟ್ಟಾ ಕ್ರೈಸ್ತ ಮತ್ತು ಯಹೂದಿ ಮನೆಗಳ ಮಕ್ಕಳನ್ನು ಅವರು ಕೇಳಿದ್ದು ಇಷ್ಟೇ: ದೇವರು ಈ ಬಗ್ಗೆ ಏನೂ ನಿಯಮ ಮಾಡದೇ ಇದ್ದಿದ್ದರೆ? ವಾರದ ಪವಿತ್ರ ದಿನ ಕೆಲಸ ಮಾಡಬಹುದಾ ಅಂದಾಗ, ನಿಯಮ ಇಲ್ಲದಿದ್ದರೆ ಮಾಡಬಹುದು ಅಂದರು. ಕದಿಯುವುದು, ಹೊಡೆಯುವುದು? ಆಗಲೂ ತಪ್ಪೇ ಅಂದರು ಹೆಚ್ಚಿನವರು, ಇನ್ನೊಬ್ಬರಿಗೆ ನೋವಾಗುತ್ತದಲ್ಲ ಅಂತ. ಅಂದರೆ ನಂಬುವ ಮನೆಯ ಮಕ್ಕಳೂ ಕಾರಣ ಹುಡುಕುವುದು ಎದುರಿಗಿರುವವರ ನೋವಿನಲ್ಲೇ.

ಹಾಗಂತ ಧರ್ಮವಂತರ ಮಕ್ಕಳು ಹಂಚಿಕೊಳ್ಳುವುದು ಕಡಿಮೆ ಅನ್ನುವ 2015ರ ಸಂಶೋಧನೆಯನ್ನು ದಯವಿಟ್ಟು ಯಾರೂ ಇಲ್ಲಿ ಹಾಕಬೇಡಿ. ಮಕ್ಕಳು ಯಾವ ದೇಶದವರು ಅನ್ನುವುದನ್ನು ಲೆಕ್ಕಕ್ಕೆ ಹಿಡಿದ ರೀತಿಯಲ್ಲೇ ತಪ್ಪಾಗಿತ್ತು. 2019ರಲ್ಲಿ ಆ ಲೇಖನವನ್ನು ವಾಪಸ್ ಪಡೆದರು.

ಹಾಗಾದರೆ ನಂಬಿಕೆ ನನಗೆ ಕೊಟ್ಟಿದ್ದೇನು? ನೆನಪಿಸುವ ವ್ಯವಸ್ಥೆ. ದಿನಕ್ಕೊಮ್ಮೆ ಸುಮ್ನೆ ಕೂತು ಇವತ್ತು ಯಾರಿಗೆ ನೋವು ಮಾಡಿದೆ ಅಂತ ಯೋಚಿಸುವ ಅಭ್ಯಾಸ, ಕಷ್ಟದಲ್ಲಿ ಓಡಿಬರುವ ಒಂದು ಬಳಗ. ಇದು ಸಣ್ಣದಲ್ಲ. ನಂಬದವರು ಇದನ್ನು ತಾವೇ ಕಟ್ಟಿಕೊಳ್ಳಬೇಕು. ಊಟಕ್ಕೆ ಕೂತಾಗ ದಿನವೂ ಅದೇ ಪ್ರಶ್ನೆ ಕೇಳಿ. ತಿಂಗಳಿಗೊಮ್ಮೆ ಮಗಳ ಜೊತೆ ಯಾರಿಗಾದರೂ ನೆರವಾಗುವ ಕೆಲಸಕ್ಕೆ ಹೋಗಿ. ಬಾಯಲ್ಲಿ ಹೇಳುವುದಕ್ಕಿಂತ ಇದು ಜಾಸ್ತಿ ನಿಲ್ಲುತ್ತದೆ.

ನಂಬುವ ನಮ್ಮಂಥವರಿಗೂ ಒಂದು ಮಾತು. ಮಗ ತಮ್ಮನಿಗೆ ಹೊಡೆದಾಗ "ದೇವರು ನೋಡ್ತಾನೆ, ಶಿಕ್ಷೆ ಕೊಡ್ತಾನೆ" ಅನ್ನುವುದು ಸುಲಭ. ಆ ಹೆದರಿಕೆ ಹದಿನಾರಕ್ಕೆ ಹೊರಟುಹೋದರೆ ಕೈಯಲ್ಲಿ ಏನು ಉಳಿಯುತ್ತದೆ? "ಅವನ ಮುಖ ನೋಡು, ಯಾಕೆ ಅಳ್ತಿದ್ದಾನೆ ಹೇಳು" ಅನ್ನಿ. ಮಾರ್ಟಿನ್ ಹಾಫ್‌ಮನ್ ಎಂಬ ಮನಶ್ಶಾಸ್ತ್ರಜ್ಞ ವರ್ಷಗಟ್ಟಲೆ ಒತ್ತಿ ಹೇಳಿದ್ದು ಇದನ್ನೇ.

ಕೇಳಿದವರಿಗೆ ಕೊನೆಯದಾಗಿ: ಮಗಳ ಕ್ಲಾಸಿನಲ್ಲಿ ಪ್ರಾರ್ಥನೆ ಮಾಡುವ ಮಕ್ಕಳೂ ಇರುತ್ತಾರೆ ಅಲ್ವಾ? ಅವಳು ಅವರನ್ನು ಅಣಕಿಸದ ಹಾಗೆ ನೋಡಿಕೊಳ್ಳಿ. ನಿಮ್ಮ ಮಗಳನ್ನು ನನ್ನ ಮಕ್ಕಳು ಅಣಕಿಸದ ಹಾಗೆ ನಾನು ನೋಡಿಕೊಳ್ಳುತ್ತೇನೆ.