ಕಿಮೋ ನಡೆಯುತ್ತಿರುವ ಮಗುವಿಗೆ ಆಂಟಿ ಎಚ್‌ಬಿಸಿ ಪಾಸಿಟಿವ್: ತಿಳಿದವರು ಹೇಳಿ

ಮಗನಿಗೆ ಆರು ವರ್ಷ, ಎಎಲ್‌ಎಲ್ ರಕ್ತ ಕ್ಯಾನ್ಸರ್. ಕಿಮೋ ಶುರುವಾಗಿ ನಾಲ್ಕು ದಿನ. ಅದರ ಹಿಂದಿನ ದಿನ ಎರಡು ಸಲ ಪ್ಲೇಟ್‌ಲೆಟ್, ಒಂದು ಸಲ ರಕ್ತ ಕೊಟ್ಟರು. ವೈರಸ್ ಪರೀಕ್ಷೆಗೆ ಮಾದರಿ ತೆಗೆದದ್ದು ಆಮೇಲೆ. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ವೈರಸ್ಸಿನ ಹೊರಪದರದ ಅಂಶ), ಎಚ್‌ಸಿವಿ (ಹೆಪಟೈಟಿಸ್ ಸಿ), ಎಚ್‌ಐವಿ ನೆಗೆಟಿವ್. ಆಂಟಿ ಎಚ್‌ಬಿಸಿ (ಹೆಪಟೈಟಿಸ್ ಬಿ ವೈರಸ್ಸಿನ ಒಳತಿರುಳಿನ ವಿರುದ್ಧದ ಪ್ರತಿಕಾಯ) ಮಾತ್ರ ಪಾಸಿಟಿವ್. ಏನು ಮಾಡಬೇಕು?

ರಕ್ತನಿಧಿ ತಂತ್ರಜ್ಞ:
ಮಾದರಿ ತಡವಾಗಿ ತೆಗೆದದ್ದರಿಂದಲೇ ಈ ಗೊಂದಲ. ಲಸಿಕೆಯಿಂದ ಆಂಟಿ ಎಚ್‌ಬಿಸಿ ಬರುವುದಿಲ್ಲ, ಬರುವುದು ಆಂಟಿ ಎಚ್‌ಬಿಎಸ್ (ಹೊರಪದರದ ವಿರುದ್ಧದ ಪ್ರತಿಕಾಯ). ಹಾಗಾಗಿ ಯಂತ್ರದ ತಪ್ಪಲ್ಲದಿದ್ದರೆ ಮಗುವಿಗೆ ಹಿಂದೆ ಹೆಪಟೈಟಿಸ್ ಬಿ ತಗುಲಿರಬೇಕು, ಇಲ್ಲವೇ ದಾನಿಯ ಪ್ಲಾಸ್ಮಾದಲ್ಲಿದ್ದ ಪ್ರತಿಕಾಯ ಬಂದಿರಬೇಕು. ಇಂಥ ಎರವಲು ಪ್ರತಿಕಾಯ ಸುಮಾರು ಮೂರು ವಾರಕ್ಕೊಮ್ಮೆ ಅರ್ಧವಾಗುತ್ತ ಕೆಲವು ತಿಂಗಳಲ್ಲಿ ಕರಗುತ್ತದೆ. ಕ್ರಾಸ್‌ಮ್ಯಾಚ್‌ಗೆಂದು (ದಾನಿಯ ರಕ್ತ ಮಗುವಿಗೆ ಹೊಂದುತ್ತದೆಯೇ ಎಂದು ನೋಡಲು) ಮೊದಲೇ ತೆಗೆದ ಮಾದರಿಯನ್ನು ರಕ್ತನಿಧಿಗಳು ಸಾಮಾನ್ಯವಾಗಿ ಒಂದು ವಾರ ಇಟ್ಟಿರುತ್ತವೆ. ಅದರಲ್ಲೇ ಆಂಟಿ ಎಚ್‌ಬಿಸಿ ನೋಡಲು ಸಾಧ್ಯವೇ ಎಂದು ಇವತ್ತೇ ಕೇಳಿ.

ಮಕ್ಕಳ ಕ್ಯಾನ್ಸರ್ ವೈದ್ಯೆ:
ನನಗೆ ಪಾಸಿಟಿವ್‌ಗಿಂತ ಆ ನೆಗೆಟಿವ್‌ಗಳ ಮೇಲೇ ಹೆಚ್ಚು ಅನುಮಾನ. ಎಚ್‌ಸಿವಿಗೆ ಮಾಡುವಂಥ ಪ್ರತಿಕಾಯ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದಕ್ಕೆ ದೇಹ ಕೊಟ್ಟ ಉತ್ತರವನ್ನು. ಆರೋಗ್ಯವಂತರಲ್ಲೇ ಎಚ್‌ಸಿವಿ ಪ್ರತಿಕಾಯ ಮೂಡಲು ಸಾಮಾನ್ಯವಾಗಿ 8ರಿಂದ 11 ವಾರ ಬೇಕು. ಕಿಮೋ ಮಕ್ಕಳಲ್ಲಿ ಮೂಡದೆಯೂ ಇರಬಹುದು. ವೈರಸ್ಸಿನದೇ ಆನುವಂಶಿಕ ವಸ್ತುವಾದ ಎಚ್‌ಸಿವಿ ಆರ್‌ಎನ್‌ಎ 1ರಿಂದ 2 ವಾರದಲ್ಲೇ ಸಿಗುತ್ತದೆ. ಆದ್ದರಿಂದ ಎಚ್‌ಬಿವಿ (ಹೆಪಟೈಟಿಸ್ ಬಿ ವೈರಸ್) ಡಿಎನ್‌ಎ ಈಗಲೇ, ಚಿಕಿತ್ಸೆಯ ನಡುವೆ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಕಿಣ್ವ) ಏರಿದಾಗ ಎಚ್‌ಬಿವಿ, ಎಚ್‌ಸಿವಿ ಎರಡಕ್ಕೂ ಪಿಸಿಆರ್ (ವೈರಸ್ಸಿನ ಆನುವಂಶಿಕ ವಸ್ತು ಹುಡುಕುವ ಪರೀಕ್ಷೆ) ಮಾಡಿಸಿ.

ಹಳೆಯ ಸೋಂಕು ಇಲ್ಲವೆಂದು ಖಚಿತವಾಗದಿದ್ದರೆ ಹೆಪಟೈಟಿಸ್ ಬಿ ವೈರಸ್ ತಡೆಯುವ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆ ಮುಂಜಾಗ್ರತೆಗೆ ಬೇಕೇ ಎಂದು ನಿಮ್ಮ ವೈದ್ಯರು ಲಿವರ್ ತಜ್ಞರ ಜೊತೆ ತೀರ್ಮಾನಿಸಲಿ. ಸ್ಟೀರಾಯ್ಡ್ ವಾರಗಟ್ಟಲೆ ನಡೆಯುವುದರಿಂದ ಮಲಗಿದ್ದ ವೈರಸ್ ಏಳಬಹುದು. ಇದೇ ಬಗೆಯ ಲ್ಯಾಮಿವುಡಿನ್ ಒಂದೇ ಕೊಟ್ಟರೆ ದೀರ್ಘ ಚಿಕಿತ್ಸೆಯಲ್ಲಿ ವೈರಸ್ ಅದಕ್ಕೆ ಬಗ್ಗದಂತಾಗಬಹುದು. ಕಿಮೋ ಮುಗಿದ ದಿನವೇ ಮಾತ್ರೆ ನಿಲ್ಲಿಸಬಾರದು: ರೋಗನಿರೋಧಕ ಶಕ್ತಿ ಮರಳುವಾಗಲೇ ಲಿವರ್‌ಗೆ ಪೆಟ್ಟು ಬೀಳುವುದು. ಆಮೇಲೂ 6ರಿಂದ 12 ತಿಂಗಳು, ರಿಟುಕ್ಸಿಮ್ಯಾಬ್ (ಪ್ರತಿಕಾಯ ತಯಾರಿಸುವ ಬಿ ಕಣಗಳನ್ನು ಅಳಿಸುವ ಔಷಧ) ಕೊಟ್ಟಿದ್ದರೆ ಕನಿಷ್ಠ 12 ತಿಂಗಳು.

ಇನ್ನೊಂದು. ಮೆಥೊಟ್ರೆಕ್ಸೇಟ್, ಮರ್ಕ್ಯಾಪ್ಟೊಪ್ಯೂರಿನ್, ಆಸ್ಪ್ಯಾರಜಿನೇಸ್ ಎಂಬ ಕಿಮೋ ಔಷಧಗಳು ಮೂರೂ ಎಸ್‌ಜಿಪಿಟಿ ಏರಿಸುತ್ತವೆ. ‘ಔಷಧದ್ದೇ ಇರಬೇಕು’ ಎಂದು ಪಿಸಿಆರ್ ಮಾಡಿಸದೆ ಡೋಸ್ ಇಳಿಸುತ್ತ ಹೋದರೆ ವೈರಸ್ಸೂ ಉಳಿಯುತ್ತದೆ, ಕ್ಯಾನ್ಸರ್ ಚಿಕಿತ್ಸೆಯೂ ಸೊರಗುತ್ತದೆ.

ವಾರ್ಡ್ ನರ್ಸ್:
ಎಲ್ಲರ ಕಣ್ಣು ರಕ್ತದ ಚೀಲದ ಮೇಲೆ. ನೋಡಬೇಕಾದದ್ದು ರಕ್ತನಾಳಕ್ಕೆ ಹಾಕಿದ ಲೈನನ್ನು ಫ್ಲಶ್ ಮಾಡುವ (ಕಟ್ಟಿಕೊಳ್ಳದಂತೆ ತೊಳೆಯುವ) ಹೆಪಾರಿನ್ ವಯಲ್, ಸಲೈನ್ ಬಾಟಲಿ. ಲೈನಿನಿಂದ ರಕ್ತ ಹಿಂದಕ್ಕೆ ಎಳೆದು ನೋಡಿದ ಸಿರಿಂಜಿಗೆ ಸೂಜಿ ಮಾತ್ರ ಬದಲಿಸಿ ಮತ್ತೆ ಬಾಟಲಿಗೆ ಚುಚ್ಚಿದರೆ, ಕಣ್ಣಿಗೆ ಕಾಣದಷ್ಟು ರಕ್ತ ಒಳಗೆ ಸೇರಿ ಆ ಬಾಟಲಿಯಿಂದ ಫ್ಲಶ್ ಆಗುವ ಮಕ್ಕಳಿಗೆಲ್ಲ ಅಪಾಯ. ಸಿರಿಂಜೂ ಹೊಸದು, ಸೂಜಿಯೂ ಹೊಸದು, ಪ್ರತಿ ಸಲ. ಒಬ್ಬರಿಗೇ ಮೀಸಲಾದ ಸಣ್ಣ ವಯಲ್ ಅಥವಾ ಮೊದಲೇ ತುಂಬಿದ ಸಿರಿಂಜ್ ಸಿಕ್ಕರೆ ಅದೇ ಒಳ್ಳೆಯದು. ವಯಲ್‌ನ ರಬ್ಬರನ್ನು 70% ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಡಬೇಕು. ಸೂಜಿಯನ್ನು ಬಾಟಲಿಯಲ್ಲೇ ಚುಚ್ಚಿಟ್ಟದ್ದು ಕಂಡರೆ ಆ ಬಾಟಲಿ ಬೇಡವೆನ್ನಿ, ಸಂಕೋಚ ಬೇಡ. ಬೆರಳು ಚುಚ್ಚುವ ಲ್ಯಾನ್ಸೆಟ್ಟಿಗೂ ಇದೇ ಮಾತು. ಹೆಪಟೈಟಿಸ್ ಬಿ ವೈರಸ್ ಒಣಗಿದ ಕಲೆಯಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ.

ಲಸಿಕೆ ವಿಭಾಗದಿಂದ:
ತಾಯಿ, ತಂದೆ, ಒಡಹುಟ್ಟಿದವರ ಎಚ್‌ಬಿಎಸ್‌ಎಜಿ ನೋಡಿಸಿ. ರಕ್ಷಣೆ ಇಲ್ಲದವರು ಲಸಿಕೆ ಹಾಕಿಸಿಕೊಳ್ಳಲಿ. ಕಿಮೋ ನಡುವೆ ಮಗುವಿಗೆ ಹಾಕಿದ ಲಸಿಕೆ ಸರಿಯಾಗಿ ಹಿಡಿಯದೇ ಹೋಗಬಹುದು. ಕೊನೆಯ ಡೋಸ್ ಆಗಿ 1ರಿಂದ 2 ತಿಂಗಳಿಗೆ ಆಂಟಿ ಎಚ್‌ಬಿಎಸ್ 10 mIU/mLಗಿಂತ ಕಡಿಮೆ ಇದ್ದರೆ ಮತ್ತೆ ಹಾಕಬೇಕು. ಲಸಿಕೆಯಾದ ಎರಡು ಮೂರು ವಾರದೊಳಗೆ ಎಚ್‌ಬಿಎಸ್‌ಎಜಿ ಮಾಡಿಸಬೇಡಿ, ಸುಳ್ಳು ಪಾಸಿಟಿವ್ ಬರಬಹುದು.

ಕೇಳಿದವರು:
ಚೀಲದ ಮೇಲೆ ‘ಇರ‍್ರೇಡಿಯೇಟೆಡ್’ ಎಂದಿತ್ತು. ಅಂದರೆ ವೈರಸ್ ಸತ್ತಿರುತ್ತದಲ್ಲವೇ?

ರಕ್ತನಿಧಿ ತಂತ್ರಜ್ಞ:
ಇಲ್ಲ. ಆ ವಿಕಿರಣ ದಾನಿಯ ಲಿಂಫೋಸೈಟ್‌ಗಳು ಮಗುವಿನ ದೇಹದ ಮೇಲೆ ತಿರುಗಿಬೀಳದಂತೆ ತಡೆಯಲು. ಬಿಳಿರಕ್ತಕಣ ಸೋಸುವ ಫಿಲ್ಟರ್ ಬಿಳಿರಕ್ತಕಣಗಳಲ್ಲಿ ಅಡಗುವ ಸಿಎಂವಿ ಎಂಬ ವೈರಸ್ಸಿನ ಅಪಾಯ ತಗ್ಗಿಸುತ್ತದೆ, ಹೆಪಟೈಟಿಸ್ ಬಿ ತಡೆಯುವುದಿಲ್ಲ. ಪ್ರತಿ ಚೀಲದ ಸಂಖ್ಯೆ, ಕೊಟ್ಟ ದಿನ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ಪಿಸಿಆರ್ ಪಾಸಿಟಿವ್ ಬಂದರೆ ದಾನಿಯನ್ನು ಹುಡುಕಿ ಮರುಪರೀಕ್ಷೆ ಮಾಡಲು ಆ ಸಂಖ್ಯೆಯೇ ದಾರಿ.