ಡಿಜಿಟಲ್ ಲಗೇಜ್ ಲಾಕರ್: ‘ಟಕ್’ ಅನ್ನುತ್ತೆ, ಬಾಗಿಲು ತೆರೆಯಲ್ಲ

ನಿಲ್ದಾಣ_ಪಾಳಿ:
ಬಸ್ ನಿಲ್ದಾಣದಲ್ಲಿ 36 ಬಾಗಿಲಿನ ಕೀಲಿಯಿಲ್ಲದ ಲಾಕರ್ ಸಾಲು. ಎಡತುದಿಯಲ್ಲಿ ಟಚ್‌ಸ್ಕ್ರೀನ್, ಎಸ್‌ಎಂಪಿಎಸ್ (12 ವೋಲ್ಟ್ ಕೊಡೋ ಪವರ್ ಸಪ್ಲೈ), ಕಂಟ್ರೋಲ್ ಬೋರ್ಡ್. ಮೊಬೈಲ್ ನಂಬರ್ ಒತ್ತಿ ಯುಪಿಐನಲ್ಲಿ ದುಡ್ಡು ಕಟ್ಟಿದರೆ ಬಾಗಿಲು ತೆರೆಯುತ್ತೆ, ಬ್ಯಾಗ್ ವಾಪಸ್ ತೆಗೆಯುವಾಗ ಒಟಿಪಿ. ಲಾಕ್‌ಗಳು 12 ವೋಲ್ಟ್ ಸೊಲೆನಾಯ್ಡ್ (ಕರೆಂಟ್ ಹರಿದಾಗ ಚಿಲಕ ಎಳೆಯೋ ತಂತಿಸುರುಳಿ). ಬಲತುದಿಯ ಐದಾರು ಬಾಗಿಲುಗಳು ಮಧ್ಯಾಹ್ನ ಬಿಸಿಲೇರಿದ ಮೇಲೆ ಕೈಕೊಡುತ್ತವೆ. ಒಟಿಪಿ ಸರಿ ಅಂತ ಬರುತ್ತೆ, ಒಳಗೆ ‘ಟಕ್’ ಅನ್ನುತ್ತೆ, ಬಾಗಿಲು ಮಾತ್ರ ಬಿಟ್ಟುಕೊಳ್ಳಲ್ಲ. ಬೆಳಿಗ್ಗೆ ಅವೇ ಬಾಗಿಲು ಸಲೀಸು. ಎರಡು ಲಾಕ್ ಹೊಸದು ಹಾಕಿದರೂ ಅದೇ ಪಾಡು. ಜೊತೆಗೆ ಕೆಲವರಿಗೆ ಒಟಿಪಿಯೇ ಬರಲ್ಲ, ಬಸ್ ಹೊರಡೋ ಹೊತ್ತಲ್ಲಿ ಜನ ಕಂಗಾಲಾಗ್ತಾರೆ. ಎಲ್ಲಿಂದ ನೋಡ್ಕೊಂಡು ಬರಬೇಕು?

ತಾಮ್ರದತಂತಿ:
ಲಾಕ್ ಬದಲಾಯಿಸೋದನ್ನ ಮೊದಲು ನಿಲ್ಲಿಸಿ. ಎಸ್‌ಎಂಪಿಎಸ್‌ನಿಂದ ದೂರದ ತುದಿಯವೇ ಕೈಕೊಡ್ತಿವೆ ಅಂದ್ರೆ ಅನುಮಾನ ವೈರ್ ಮೇಲೆ. ಎಸ್‌ಎಂಪಿಎಸ್ ಹತ್ರ 12 ತೋರಿಸ್ತು ಅಂತ ಸುಮ್ಮನಾಗಬೇಡಿ. ಲಾಕ್‌ನ ಕನೆಕ್ಟರ್‌ನಲ್ಲೇ, ಓಪನ್ ಕೊಟ್ಟ ಕ್ಷಣದಲ್ಲೇ ಅಳೀಬೇಕು. ಲಾಕ್‌ಗೆ ಹೋಗೋ ಕರೆಂಟಿನ ಪಲ್ಸ್ ಅರ್ಧ ಸೆಕೆಂಡ್ ಇರುತ್ತೆ ಅಷ್ಟೆ, ಮಿನ್-ಮ್ಯಾಕ್ಸ್ (ಕನಿಷ್ಠ-ಗರಿಷ್ಠ) ಹಿಡಿಯೋ ಮೀಟರ್ ಇರಲಿ.

ಲೆಕ್ಕ ಹೀಗೆ. 0.5 ಚದರ ಮಿ.ಮೀ. ತಾಮ್ರದ ವೈರ್‌ಗೆ ಕಿಲೋಮೀಟರಿಗೆ ಸುಮಾರು 39 ಓಮ್. ಲಾಕ್ 10 ಮೀಟರ್ ದೂರ ಇದ್ರೆ ಹೋಗಿ-ಬರೋ ದಾರಿ 20 ಮೀಟರ್, ಅಂದ್ರೆ 0.78 ಓಮ್. ಲಾಕ್ 2 ಆಂಪ್ ಎಳೆದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಕರಗಿಹೋಯ್ತು, ತುದಿಗೆ ಸಿಕ್ಕಿದ್ದು 10.4. ಅದೇ 1.5 ಚದರ ಮಿ.ಮೀ. ಎಳೆದರೆ ನಷ್ಟ ಅರ್ಧ ವೋಲ್ಟ್.

ಮಧ್ಯಾಹ್ನವೇ ಯಾಕೆ ಅಂದ್ರೆ, ಸೊಲೆನಾಯ್ಡ್‌ನ ಕಾಯಿಲ್ (ಸುರುಳಿ) ಕೂಡ ತಾಮ್ರವೇ. ಇದ್ದದ್ದಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಶೇ. 8ರಷ್ಟು ಏರುತ್ತೆ, ಕರೆಂಟ್ ಇಳಿಯುತ್ತೆ, ಎಳೆತ ಅದಕ್ಕಿಂತ ಜಾಸ್ತಿ ಇಳಿಯುತ್ತೆ. ಮೊದಲೇ ಸೊರಗಿದ ತುದಿಯ ಲಾಕ್‌ಗೆ ಅಷ್ಟು ಸಾಕು.

ಒಂದು ಮಾತ್ರ ಖಂಡಿತ ಬೇಡ: ಪಲ್ಸ್ ಸಮಯ ಮೂರು-ನಾಲ್ಕು ಸೆಕೆಂಡಿಗೆ ಏರಿಸೋದು. ಈ ಲಾಕ್‌ಗಳ ಕಾಯಿಲ್ ಸದಾ ಕರೆಂಟ್ ಹೊರೋಕೆ ಮಾಡಿದ್ದಲ್ಲ, ಸುಟ್ಟುಹೋಗುತ್ತೆ.

ಚಿಲಕ_ಕೊಂಡಿ:
ವೈರ್ ವಿಚಾರ ಒಪ್ಪಿದೆ. ಆದ್ರೆ ‘ಟಕ್’ ಅಂದೂ ತೆರೆಯದೇ ಇರೋದಕ್ಕೆ ಇನ್ನೊಂದು ಕಾರಣ ಬ್ಯಾಗೇ. ಮೆತ್ತನೆ ಬ್ಯಾಗನ್ನ ತುರುಕಿ, ಮೊಣಕಾಲಲ್ಲಿ ಒತ್ತಿ ಬಾಗಿಲು ಹಾಕ್ತಾರೆ. ಬ್ಯಾಗ್ ಒಳಗಿಂದ ಬಾಗಿಲನ್ನ ಹೊರಕ್ಕೆ ದೂಡ್ತಾ ಇರುತ್ತೆ, ಬಾಗಿಲಿನ ಕೊಂಡಿ ಲಾಕ್‌ನ ನಾಲಿಗೆಗೆ ಬಿಗಿದುಕೊಳ್ಳುತ್ತೆ. ಸೊಲೆನಾಯ್ಡ್ ಆ ಉಜ್ಜಾಟದ ಎದುರು ಗೆಲ್ಲಲ್ಲ.

ಪರೀಕ್ಷೆ ಸುಲಭ. ಅಂಗೈಯಲ್ಲಿ ಬಾಗಿಲನ್ನ ಒಳಕ್ಕೆ ಒತ್ತಿ ಹಿಡಿದು ಇನ್ನೊಮ್ಮೆ ಓಪನ್ ಕೊಡಿ. ತೆರೆದರೆ ಕಾರಣ ಬಿಗಿತವೇ. ಖಾಲಿ ಲಾಕರ್‌ನಲ್ಲೂ ಹೀಗಾದರೆ ಕೀಲು ಜೋತಿದೆ, ಕೊಂಡಿ ಲಾಕ್‌ನ ಬಾಯಿಯ ನಡುವೆ ಕೂರ್ತಿಲ್ಲ. ಕೊಂಡಿಯ ಸ್ಕ್ರೂ ಸಡಿಲಿಸಿ, ಉದ್ದ ತೂತಿನಲ್ಲಿ ಒಂದೆರಡು ಮಿ.ಮೀ. ಮೇಲೆ-ಕೆಳಗೆ ಸರಿಸಿ ಬಿಗಿ ಮಾಡಿ. ಕೊಂಡಿಯ ಮೇಲೆ ಮಾರ್ಕರ್ ಶಾಯಿ ಬಳಿದು ಹತ್ತು ಸಲ ಹಾಕಿ-ತೆಗೆದು ನೋಡಿ: ಶಾಯಿ ಒಂದೇ ಪಕ್ಕದಲ್ಲಿ ಅಳಿಸಿದ್ರೆ ಇನ್ನೂ ಓರೆ ಇದೆ.

ಸಾಫ್ಟ್‌ವೇರ್‌ನವರಿಗೂ ಒಂದು ಮಾತು ಹೇಳಿ. ಪಲ್ಸ್ ಕಳಿಸಿದ ತಕ್ಷಣ ‘ಲಾಕರ್ ಖಾಲಿ’ ಅಂತ ಬರೆದುಬಿಡೋದು ದೊಡ್ಡ ತಪ್ಪು. ಬಾಗಿಲಿನ ಸ್ವಿಚ್ ‘ತೆರೆದಿದೆ’ ಅನ್ನೋವರೆಗೆ ಬಾಡಿಗೆ ಮುಗೀಬಾರದು. ಇಲ್ಲಾಂದ್ರೆ ಒಬ್ಬರ ಬ್ಯಾಗ್ ಒಳಗಿರುವಾಗಲೇ ಅದೇ ಲಾಕರ್ ಇನ್ನೊಬ್ಬರ ಪಾಲಾಗುತ್ತೆ. ಮೂರು ಸೆಕೆಂಡ್ ಬಿಟ್ಟು ಮೂರು ಸಲ ಪ್ರಯತ್ನ, ನಡುವೆ ಸ್ಕ್ರೀನ್ ಮೇಲೆ ‘ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿಯಿರಿ’ ಅಂತ ಕನ್ನಡದಲ್ಲಿ ದೊಡ್ಡಕ್ಷರ, ಆಮೇಲೆ ಸಿಬ್ಬಂದಿಗೆ ಕರೆ.

ಸಂಕೇತ_ಪದ:
ಒಟಿಪಿ ಬರದೇ ಇರೋದಕ್ಕೆ: ನಮ್ಮ ದೇಶದಲ್ಲಿ ಎಸ್‌ಎಂಎಸ್ ಕಳಿಸೋ ಸಂಸ್ಥೆ ತನ್ನ ಟೆಂಪ್ಲೇಟನ್ನ (ಸಂದೇಶದ ನಮೂನೆ) ಡಿಎಲ್‌ಟಿಯಲ್ಲಿ (ಮೊಬೈಲ್ ಕಂಪನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆ) ನೋಂದಾಯಿಸಿರಬೇಕು. ಯಾರೋ ಸಂದೇಶದಲ್ಲಿ ಒಂದು ಪದ ಬದಲಾಯಿಸಿದರೂ ಟೆಂಪ್ಲೇಟಿಗೆ ಹೊಂದದೆ ಅದು ದಾರಿಯಲ್ಲೇ ನಿಂತುಬಿಡುತ್ತೆ. ಅದನ್ನ ಮೊದಲು ನೋಡಿ.

ನನ್ನ ಪ್ರಕಾರ ಬ್ಯಾಗ್ ತೆಗೆಯೋಕೆ ಒಟಿಪಿಯೊಂದನ್ನೇ ನೆಚ್ಚಬಾರದು. ಇಡುವಾಗಲೇ 6 ಅಂಕಿಯ ಪಿನ್ ಅವರಿಂದ ಒತ್ತಿಸಿಕೊಳ್ಳಿ, ಅದರ ಹ್ಯಾಶ್ (ಪಿನ್ ಬಯಲಾಗದಂತೆ ಬದಲಿಸಿದ ಗುರುತು) ಕಿಯಾಸ್ಕ್‌ನಲ್ಲೇ, ಅಂದ್ರೆ ಟಚ್‌ಸ್ಕ್ರೀನ್ ಯಂತ್ರದಲ್ಲೇ, ಉಳೀಲಿ. ಆಗ ನೆಟ್‌ವರ್ಕ್ ಬಿದ್ದರೂ, ಫೋನ್ ಚಾರ್ಜ್ ಮುಗಿದರೂ ಬಾಗಿಲು ತೆರೆಯುತ್ತೆ. ಐದು ಸಲ ತಪ್ಪಿದರೆ ಹತ್ತು ನಿಮಿಷ ತಡೆ. ಜಪಾನಿನ ರೈಲು ನಿಲ್ದಾಣಗಳಲ್ಲಿ ಸುಯಿಕಾದಂಥ ಪ್ರಯಾಣದ ಕಾರ್ಡೇ ಕೀಲಿಯಾಗೋ ಲಾಕರ್‌ಗಳಿವೆ, ಇಡುವಾಗ ತಾಕಿಸಿದ ಕಾರ್ಡನ್ನೇ ತಾಕಿಸಿ ತೆಗೆಯೋದು. ಎಸ್‌ಎಂಎಸ್‌ಗೆ ಕಾಯೋ ಪ್ರಶ್ನೆಯೇ ಇಲ್ಲ.

ನಿಲ್ದಾಣ_ಪಾಳಿ:
ತುಂಬಾ ಉಪಕಾರವಾಯ್ತು. ಈಗ ಅಳೆದೆ: ಮೊದಲ ಬಾಗಿಲಲ್ಲಿ 11.8, ಕೊನೆಯದರಲ್ಲಿ 10.1. ವೈರ್ 0.5 ಚದರವೇ. ಇನ್ನೊಂದು ಪ್ರಶ್ನೆ: ಕರೆಂಟ್ ಹೋದಾಗ 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿ ಸಾಕಾ?

ತಾಮ್ರದತಂತಿ:
10.1 ಅಂದ್ರೆ ಉತ್ತರ ಸಿಕ್ಕಿಬಿಡ್ತು, ವೈರ್‌ನದ್ದೇ ತೊಂದರೆ. ಇನ್ನು ಬ್ಯಾಟರಿ ಲೆಕ್ಕ: 12 × 7 = 84 ವ್ಯಾಟ್-ಅವರ್; ಲೆಡ್ ಬ್ಯಾಟರಿ ಬಾಳಬೇಕಾದರೆ ಅರ್ಧವೇ ಬಳಸಿ, 42. ಕಿಯಾಸ್ಕ್ 25 ವ್ಯಾಟ್ ತಿಂದರೆ ಒಂದೂವರೆ ಗಂಟೆ ಬರುತ್ತೆ. ಲಾಕ್‌ಗಳದ್ದು ಲೆಕ್ಕಕ್ಕಿಲ್ಲ, ಅರ್ಧ ಸೆಕೆಂಡಿನ ಊಟ. ಕರೆಂಟ್ ಹೋದ ಕೂಡಲೇ ಸ್ಕ್ರೀನ್ ಬೆಳಕು ತಗ್ಗಿಸಿ, ಹೊಸ ಬುಕಿಂಗ್ ನಿಲ್ಲಿಸಿ, ಇಟ್ಟವರಿಗೆ ತೆಗೆಯೋಕೆ ಮಾತ್ರ ಬಿಡಿ.

1.5 ಚದರ ಎಳೆದ ಮೇಲೆ ಮಧ್ಯಾಹ್ನ ಎರಡರ ಬಿಸಿಲಲ್ಲೇ ಅಳೀರಿ, ಬೆಳಿಗ್ಗೆ ಬೇಡ. ಕೊನೆಯ ಬಾಗಿಲಲ್ಲಿ 11.3ಕ್ಕಿಂತ ಕಡಿಮೆ ಬಂದ್ರೆ ಟರ್ಮಿನಲ್‌ಗಳಲ್ಲಿ ಎಲ್ಲೋ ಸಡಿಲ ಇದೆ ಅಂತ ತಿಳ್ಕೊಂಡು ಒಂದೊಂದನ್ನೇ ಎಳೆದು ನೋಡಿ.